ಎರಡನೆಯ ಸಹಿ

ಸಹಿ ಹಾಕುವ ಮುಂಚೆ ಓದಬೇಕು ಎಂಬುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಮೆಲ್ಬರ್ನ್‌ನಲ್ಲಿ ಮನೆ ಬಾಡಿಗೆಗೆ ಹಿಡಿಯುವಾಗ ಹದಿನಾಲ್ಕು ಪುಟದ ಕರಾರನ್ನು ಏಜೆಂಟನ ಎದುರಿಗೇ ಕೂತು ಓದಿ, ಅವನ ಊಟದ ಹೊತ್ತು ಹಾಳುಮಾಡಿದವಳು ನಾನು. ಅಂಥವಳು ಬದರಿನಾಥ ಸರ್ ಕೊಟ್ಟ ಇಪ್ಪತ್ತಮೂರು ಪುಟಗಳಲ್ಲಿ ಒಂದನ್ನೂ ಓದದೆ ಇಪ್ಪತ್ತಮೂರು ಸಹಿ ಹಾಕಿದೆ. ಹಾಕಿದ್ದಷ್ಟೇ ಅಲ್ಲ, ಹಾಕಿ ಹೆಮ್ಮೆಪಟ್ಟೆ.

ನಮ್ಮದು ಮೆಲ್ಬರ್ನ್‌ನ ಉತ್ತರ ತುದಿಯಲ್ಲಿರುವ ಸಣ್ಣ ಕಾರು ಕಂಪನಿ. ವರ್ಷಕ್ಕೆ ಹನ್ನೆರಡೇ ಸ್ಪೋರ್ಟ್ಸ್ ಕಾರು ಕಟ್ಟುತ್ತೇವೆ, ಒಂದೊಂದೂ ಒಂದು ಮನೆಯ ಬೆಲೆಯದು. ನೀರಿನ ಬಾಟಲಿ ಇಡಲು ಜಾಗವಿಲ್ಲ, ಡಿಕ್ಕಿಯಲ್ಲಿ ಒಂದು ಅಕ್ಕಿ ಚೀಲ ಹಿಡಿಯುವುದಿಲ್ಲ, ಆದರೂ ಕೊಳ್ಳುವವರು ಎರಡು ವರ್ಷ ಕಾಯುತ್ತಾರೆ. ಕಾರಿನ ಹಿಂಭಾಗದಲ್ಲಿ ಅಡ್ಡಲಾಗಿ ಒಂದು ರೆಕ್ಕೆ. ವೇಗ ಹೆಚ್ಚಿದಷ್ಟೂ ಗಾಳಿ ಅದನ್ನು ಕೆಳಕ್ಕೆ ಒತ್ತಿ, ಹಿಂದಿನ ಚಕ್ರಗಳು ನೆಲ ಬಿಡದಂತೆ ನೋಡಿಕೊಳ್ಳುತ್ತದೆ. ರೆಕ್ಕೆಯನ್ನು ಕಾರಿಗೆ ಹಿಡಿದಿಡುವುದು ಎರಡು ಅಲ್ಯೂಮಿನಿಯಂ ಬ್ರಾಕೆಟ್ಟು. ಅವು ಎಷ್ಟು ಭಾರ ತಡೆಯಬೇಕೆಂದು ಲೆಕ್ಕ ಹಾಕಿದವರು ಬದರಿನಾಥ ಸರ್. ಕಂಪ್ಯೂಟರಿಗೆ ಕೊಡುವ ಅಂಕಿಗಳೂ ಆ ಲೆಕ್ಕದಿಂದಲೇ ಹೋಗುತ್ತವೆ. ಹಾಗಾಗಿ ಪ್ರತಿ ಪುಟದ ಕೆಳಗೆ ಎರಡು ಸಹಿ: ಲೆಕ್ಕ ಹಾಕಿದವರದು ಒಂದು, ಪರಿಶೀಲಿಸಿದವರದು ಇನ್ನೊಂದು. ಎರಡನೆಯದು ನನ್ನದು.

ಸರ್‌ಗೆ ಅರವತ್ತೊಂದು. ಬೆಂಗಳೂರಿನಲ್ಲಿ ಇಪ್ಪತ್ತೆರಡು ವರ್ಷ ವಿಮಾನದ ಬಿಡಿಭಾಗಗಳನ್ನು ಡಿಸೈನ್ ಮಾಡಿ ಇಲ್ಲಿಗೆ ಬಂದವರು. ನಾನು ಮೈಸೂರಿನಿಂದ ಮೆಕ್ಯಾನಿಕಲ್ ಡಿಗ್ರಿ ಹೊತ್ತುಕೊಂಡು ಸಿಡ್ನಿಗೆ ಬಂದು, ಹ್ಯಾರಿಸ್ ಪಾರ್ಕ್‌ನ ಸ್ವೀಟ್ ಅಂಗಡಿಯಲ್ಲಿ ಎಂಟು ತಿಂಗಳು ಜಿಲೇಬಿ ತೂಗುತ್ತಿದ್ದಾಗ ನನ್ನನ್ನು ಇಂಟರ್‌ವ್ಯೂಗೆ ಕರೆದು ಕೆಲಸ ಕೊಡಿಸಿದವರು. ಇಲ್ಲೇ ಕಾಯಂ ನೆಲೆಸಲು ಹಾಕಿದ ನನ್ನ ಪಿಆರ್ ಅರ್ಜಿಗೆ ಕಂಪನಿಯೇ ಸ್ಪಾನ್ಸರ್, ಅದೂ ಅವರ ಮಾತಿನ ಮೇಲೆ. ಪ್ರತಿ ಶನಿವಾರ ಮಧ್ಯಾಹ್ನ ಕ್ರೇಗಿಬರ್ನ್‌ನ ಅವರ ಮನೆಯಲ್ಲಿ ನನ್ನ ಊಟ. ಅವರ ಹೆಂಡತಿ ವಸಂತಾ ಆಂಟಿ ಬಡಿಸಿದ್ದು ಸಾಲದೆಂದು ಡಬ್ಬಿಗೂ ತುಂಬಿ ಕಳಿಸುತ್ತಾರೆ. ಇಂಥವರ ಲೆಕ್ಕವನ್ನು ನಾನು ಕೂತು ತಿದ್ದುವುದೇ? ಅಪ್ಪನ ಜೇಬು ತಡಕಿದ ಹಾಗಾಗುತ್ತದೆ ಎನ್ನಿಸಿತ್ತು.

ಸಹಿ ಹಾಕಿದ್ದೂ ಆ ಊಟದ ಮೇಜಿನ ಮೇಲೇ.

“ಕಳಿಸಿ ಒಂದ್ ವಾರ ಆಯ್ತಲ್ಲಮ್ಮ ಸಿಂಚನಾ, ಫೈಲ್ ನೋಡಿದ್ಯಾ?” ಎಂದು ಸರ್ ಕೇಳಿದ್ದರು.

“ಹ್ಞೂಂ ಸರ್, ನೋಡ್ದೆ.”

“ಎಲ್ಲೂ ಏನೂ ಸಿಗ್ಲಿಲ್ವಾ?”

“ನಿಮ್ ಲೆಕ್ಕದಲ್ಲಿ ನನಗೇನ್ ಸಿಗತ್ತೆ ಸರ್!”

“ಮೊದ್ಲು ರೊಟ್ಟಿ ತಿನ್ಲಿ ಬಿಡ್ರೀ, ಆರೋಗತ್ತೆ,” ಎಂದು ಆಂಟಿ ಅಡುಗೆಮನೆಯಿಂದ ಗದರಿದರು. ನಾನು ಎಡಗೈಯಲ್ಲಿ ಪುಟ ತಿರುವುತ್ತ, ಬಲಗೈ ಒರೆಸಿಕೊಂಡು ಸಹಿ ಹಾಕುತ್ತ ಹೋದೆ. ಸರ್ ಫೈಲನ್ನು ಬ್ಯಾಗಿಗೆ ಸೇರಿಸಿ ಊಟ ಮುಂದುವರಿಸಿದರು. ಅವರಿಗೆ ಖುಷಿಯಾಗಿದೆ ಎಂದುಕೊಂಡೆ. ದಡ್ಡತನಕ್ಕೂ ಒಂದು ಮಿತಿ ಬೇಡವೇ?

ಅದಾಗಿ ಮೂರು ವಾರಕ್ಕೆ ಕಾರು ಲಾರಿಯಲ್ಲಿ ಸಿಡ್ನಿಗೆ ಹೋಯಿತು. ಅಲ್ಲಿ ಪಶ್ಚಿಮಕ್ಕಿರುವ ರೇಸ್ ಟ್ರ್ಯಾಕ್‌ನಲ್ಲಿ ಬುಧವಾರ ಟೆಸ್ಟ್. ಸರ್ ಹಿಂದಿನ ದಿನವೇ ಹೋಗಿದ್ದರು. ಕಾರು ಓಡುವುದನ್ನು ಒಮ್ಮೆಯಾದರೂ ನೋಡಬೇಕೆಂದು ಆಂಟಿಯೂ ಜೊತೆಗೆ ಹೊರಟಿದ್ದರು. ಓಡಿಸುವವನು ಲಿಯೋನ್, ನಮ್ಮ ಟೆಸ್ಟ್ ಡ್ರೈವರ್, ಮಂಗಳೂರು ಕಡೆಯ ಕೊಂಕಣಿ ಕುಟುಂಬದ ಸಿಡ್ನಿ ಹುಡುಗ. ಕ್ರಿಸ್‌ಮಸ್ಸಿಗೆ ಅವನ ತಾಯಿ ಬರ್ಥಾ ಮಾಡಿದ ಕುಸ್ವಾರ್ ತಿಂಡಿಯ ಡಬ್ಬಿಯನ್ನು ಆಫೀಸಿಗೆಲ್ಲ ಹಂಚಿ, ಆಮೇಲೆ ನಮ್ಮೆಲ್ಲರ ಪಾಲನ್ನೂ ತಾನೇ ತಿನ್ನುವವನು.

ನಾನು ಮೆಲ್ಬರ್ನ್‌ನ ಆಫೀಸಿನಲ್ಲೇ ಉಳಿದಿದ್ದೆ. ಒಂಬತ್ತು ಐವತ್ತಕ್ಕೆ ಸರ್ ಫೋನ್ ಮಾಡಿದರು.

“ಇಲ್ಲಿ ಸಿಡ್ನಿಯ ನಾರ್ವೆಸ್ಟ್ ಆಫೀಸಿಂದ ಇನ್ಶೂರೆನ್ಸ್‌ನವ್ರು ಕೇಳ್ತಿದಾರಮ್ಮ. ಹನ್ನೊಂದಕ್ಕೆ ಫುಲ್ ಸ್ಪೀಡ್ ರನ್. ಅಷ್ಟ್ರೊಳಗೆ ರೆಕ್ಕೆ ಫೈಲ್‌ದು ಸಹಿ ಇರೋ ಪುಟ ಎಲ್ಲಾ ಸ್ಕ್ಯಾನ್ ಮಾಡಿ ಕಳಿಸ್ಬಿಡು.”

ಫೈಲ್ ಆಫೀಸಿನ ಕಪಾಟಿನಲ್ಲಿತ್ತು. ಒಂದೊಂದೇ ಪುಟ ಸ್ಕ್ಯಾನರಿನಲ್ಲಿ ಇಡಬೇಕು. ಯಂತ್ರ ನಿಧಾನ, ಕಣ್ಣಿಗೆ ಬೇರೆ ಕೆಲಸವಿಲ್ಲ. ಹಾಗೆ, ಮೊದಲ ಸಲ, ನಾನು ಸಹಿ ಹಾಕಿದ್ದನ್ನು ಓದತೊಡಗಿದೆ. ಮಧ್ಯದ ಐದು ಪುಟ ಬ್ರಾಕೆಟ್ಟಿನ ಮೇಲೆ ಬೀಳುವ ಭಾರದ ಲೆಕ್ಕ. ರೆಕ್ಕೆ ಮಲಗಿರುವಾಗ ಕೆಳಕ್ಕೆ ಎಷ್ಟು ಒತ್ತಡ, ತಿರುವಿನಲ್ಲಿ ಎಷ್ಟು, ಗುಂಡಿ ಹಾರಿದಾಗ ಎಷ್ಟು, ಎಲ್ಲ ಇತ್ತು. ಐದನೆಯದು ಮುಗಿಸಿ ಮುಂದಿನದನ್ನು ತಿರುವಿದೆ. ಅಲ್ಲಿ ಬೇರೆಯೇ ವಿಷಯ ಶುರುವಾಗಿತ್ತು. ಮತ್ತೆ ಹಿಂದಕ್ಕೆ ತಿರುವಿದೆ. ಪುಟ ಅಂಟಿಕೊಂಡಿದೆಯೇನೋ ಎಂದು ಬೆರಳು ಒದ್ದೆ ಮಾಡಿಕೊಂಡು ಉಜ್ಜಿದೆ. ಅಂಟಿರಲಿಲ್ಲ.

ರೆಕ್ಕೆ ಎದ್ದು ನಿಂತಾಗಿನ ಲೆಕ್ಕವೇ ಅಲ್ಲಿರಲಿಲ್ಲ.

ನಮ್ಮ ರೆಕ್ಕೆ ಮೊದಲು ಸುಮ್ಮನೆ ಮಲಗಿರುತ್ತಿತ್ತು. ಕಳೆದ ಅಕ್ಟೋಬರ್‌ನಲ್ಲಿ ಡಿಸೈನ್ ಸ್ಟುಡಿಯೋದವರು, ಜೋರಾಗಿ ಬ್ರೇಕ್ ಒತ್ತಿದರೆ ಅದು ಎದ್ದು ನಿಂತು ಗಾಳಿಗೆ ಅಡ್ಡಲಾಗಬೇಕು ಎಂದರು. ನೋಡಲೂ ಚೆನ್ನ, ಕಾರೂ ಬೇಗ ನಿಲ್ಲುತ್ತದೆ. ಆದರೆ ಓಡುವ ಕಾರಿನ ಕಿಟಕಿಯಿಂದ ಕೈ ಹೊರಗೆ ಚಾಚಿದವರಿಗೆ ಗೊತ್ತು: ಅಂಗೈ ನೆಲದ ಕಡೆಗಿದ್ದರೆ ಗಾಳಿ ಜಾರಿಹೋಗುತ್ತದೆ, ಎದುರಿಗೆ ಹಿಡಿದರೆ ಕೈಯೇ ಹಿಂದಕ್ಕೆ ಹೋಗುತ್ತದೆ. ಸರ್ ಡ್ರಾಯಿಂಗನ್ನು ಬದಲಿಸಿದ್ದರು. ಲೆಕ್ಕವನ್ನು ಬದಲಿಸಿರಲಿಲ್ಲ.

ಕ್ಯಾಲ್ಕ್ಯುಲೇಟರಿನಲ್ಲಿ ಒಂದು ಸಲ ಹಾಕಿದೆ, ನಂಬದೆ ಇನ್ನೊಂದು ಸಲ ಹಾಕಿದೆ. ರೆಕ್ಕೆ ನಿಂತಿರುವಾಗ ಬ್ರಾಕೆಟ್ಟು ಇನ್ನೂರಮೂವತ್ತು ಕಿಲೋಮೀಟರ್ ವೇಗದವರೆಗೆ ತಡೆಯುತ್ತದೆ. ಹನ್ನೊಂದಕ್ಕೆ ಲಿಯೋನ್ ಓಡಿಸಲಿರುವುದು ಇನ್ನೂರ ಅರವತ್ತರಲ್ಲಿ. ಆ ವೇಗದಲ್ಲಿ ಬ್ರೇಕ್ ಒತ್ತಿದ ಗಳಿಗೆಯಲ್ಲೇ ರೆಕ್ಕೆ ಕಿತ್ತುಹೋದರೆ ಹಿಂದಿನ ಚಕ್ರಗಳಿಗೆ ಹಿಡಿತವಿರುವುದಿಲ್ಲ. ಆಮೇಲೆ ಸ್ಟೀರಿಂಗ್ ಯಾರ ಕೈಯಲ್ಲಿದ್ದರೂ ಒಂದೇ.

ಗಂಟೆ ಹತ್ತು ಇಪ್ಪತ್ತೈದು. ಈಗ ನಾನು ಮಾಡಿದ್ದನ್ನು ಹೇಳಲು ನನಗೇ ನಾಚಿಕೆಯಾಗುತ್ತದೆ. ಫೋನ್ ಎತ್ತಿ ಕಿರುಚುವ ಬದಲು ವಾಟ್ಸಾಪ್ ತೆರೆದೆ. “ಸರ್, ಲೆಕ್ಕದಲ್ಲಿ ತಪ್ಪಿದೆ” ಎಂದು ಬರೆದು ಅಳಿಸಿದೆ. “ಸರ್, ಒಂದು ಲೆಕ್ಕ ಬಿಟ್ಟುಹೋಗಿದೆಯಾ” ಎಂದು ಬರೆದು ಅದನ್ನೂ ಅಳಿಸಿದೆ. ಕೊನೆಗೆ ಕಳಿಸಿದ್ದು: “ಸರ್, ರೆಕ್ಕೆ ಲೋಡ್ ಬಗ್ಗೆ ಒಂದು ಚಿಕ್ಕ ಡೌಟು. ಫ್ರೀ ಇದ್ದಾಗ ಹೇಳಿ.” ಜೊತೆಗೊಂದು ಕೈಮುಗಿಯುವ ಚಿತ್ರ. ಅಲ್ಲಿ ಒಬ್ಬನ ಜೀವ ಹೋಗುವುದರಲ್ಲಿದೆ, ಇಲ್ಲಿ ನಾನು ಕೈಮುಗಿಯುತ್ತಿದ್ದೇನೆ.

ಏಳು ನಿಮಿಷಕ್ಕೆ ಉತ್ತರ ಬಂತು. “ಬಂದ ಮೇಲೆ ಕೂತು ನೋಡೋಣಮ್ಮ. ಸ್ಕ್ಯಾನ್ ಕಳಿಸು.”

ಸ್ಕ್ಯಾನ್ ಹೋಗದಿದ್ದರೆ ಇನ್ಶೂರೆನ್ಸ್‌ನವರು ಒಪ್ಪುವುದಿಲ್ಲ, ಒಪ್ಪದಿದ್ದರೆ ಕಾರು ಹೊರಡುವುದಿಲ್ಲ, ಯಾರಿಗೂ ಏನೂ ಹೇಳದೆ ಕೆಲಸವಾಗುತ್ತದೆ ಎಂದು ತಲೆ ಓಡಿತು. ಹೇಡಿಯ ತಲೆ ಇಂಥದ್ದರಲ್ಲಿ ಬಲು ಚುರುಕು. “ಸರ್, ಸ್ಕ್ಯಾನರ್ ಕೆಟ್ಟಿದೆ” ಎಂದು ಕಳಿಸಿದೆ. ಎದ್ದು ನೀರು ಕುಡಿದೆ, ಕೂತೆ, ಮತ್ತೆ ಎದ್ದೆ. ಹತ್ತು ಐವತ್ತೊಂದಕ್ಕೆ ಉತ್ತರ: “ಪರವಾಗಿಲ್ಲ, ಸಂಜೆ ಕೊಟ್ಟರೆ ಸಾಕಂತೆ, ಒಪ್ಪಿದರು. ಲಿಯೋನ್ ಹತ್ತಿ ಕೂತ. ಶುರು ಮಾಡ್ತಿದ್ದೇವೆ.”

ನಮ್ಮಲ್ಲಿ ಒಂದು ನಿಯಮವಿದೆ. ಟೆಸ್ಟ್ ನಡೆಯುವಾಗ ಕಂಪನಿಯ ಯಾರು ಬೇಕಾದರೂ ‘ಸ್ಟಾಪ್’ ಎನ್ನಬಹುದು, ಕಾರು ನಿಲ್ಲಲೇಬೇಕು. ಆಮೇಲೆ ಹೆಸರು ಬರೆಸಬೇಕು, ಕಾರಣ ಹೇಳಬೇಕು. ಕಾರಣ ಹೇಳುವುದೆಂದರೆ ಸರ್ ತಪ್ಪು ಮಾಡಿದರು, ನಾನು ಸುಳ್ಳು ಸಹಿ ಹಾಕಿದೆ ಎಂದು ಹೇಳುವುದು. ಸುಳ್ಳು ಸಹಿ ಹಾಕಿದವಳಿಗೆ ಕೆಲಸವೂ ಇರುವುದಿಲ್ಲ, ಸ್ಪಾನ್ಸರೂ ಇರುವುದಿಲ್ಲ.

ಸರ್‌ಗೆ ಫೋನ್ ಮಾಡಿದೆ. ರಿಂಗಾಗಿ ನಿಂತಿತು. ಮತ್ತೆ ಮಾಡಿದೆ. ಟ್ರ್ಯಾಕ್‌ನ ನಂಬರ್ ಎಂಗೇಜ್. ಹತ್ತು ಐವತ್ತಾರು. ಆಂಟಿಗೆ ಮಾಡಿದೆ. ಒಂದೇ ರಿಂಗಿಗೆ ಎತ್ತಿದರು, ಹಿಂದೆ ಎಂಜಿನ್ನಿನ ಆರ್ಭಟ ಕೇಳುತ್ತಿತ್ತು.

“ಸಿಂಚನಾ! ಏನ್ ಸದ್ದೇ ಇದು, ಕಿವಿ ಹೋಗತ್ತೆ. ತಿಂಡಿ ಆಯ್ತಾ?”

“ಆಂಟಿ, ಸರ್‌ಗೆ ಕೊಡಿ. ಓಡಿ ಹೋಗಿ ಕೊಡಿ.”

“ಅವ್ರು ಅಲ್ಲಿ ಗೋಡೆ ಹತ್ರ ಇದಾರಮ್ಮ, ವಾಕಿಟಾಕಿ ಹಿಡ್ಕೊಂಡು. ಈಗ ಮಾತಾಡ್ಸಿದ್ರೆ ಬೈತಾರೆ.”

“ಬೈಲಿ ಆಂಟಿ! ಸ್ಪೀಕರ್ ಹಾಕಿ, ಓಡಿ!”

ಆಂಟಿಯ ಮೇಲೆ ನಾನು ದನಿಯೆತ್ತಿದ್ದು ಅದೇ ಮೊದಲು. ಅವರ ಏದುಸಿರು, ಚಪ್ಪಲಿಯ ಪಟಪಟ ಸದ್ದು ಕೇಳಿಸಿತು. ಎಷ್ಟೋ ಹೊತ್ತು ಓಡಿದರು ಎನ್ನಿಸಿತು. ಆಮೇಲೆ ಸರ್ ದನಿ, ಸಿಡಿಮಿಡಿ. “ಏನಮ್ಮ ಈಗ?”

“ಸ್ಟಾಪ್,” ಎಂದೆ. ಕೇಳಿಸಿತೋ ಇಲ್ಲವೋ ಎಂದು ಕಿರುಚಿದೆ. “ಸ್ಟಾಪ್ ಸರ್! ಕಾರ್ ನಿಲ್ಸಿ!”

ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ವಾಕಿಟಾಕಿಯಲ್ಲಿ “ಲಿಯೋನ್, ಸ್ಟಾಪ್, ಸ್ಟಾಪ್, ಡೋಂಟ್ ಬ್ರೇಕ್ ಹಾರ್ಡ್, ಜಸ್ಟ್ ರೋಲ್” ಎಂದದ್ದು ಕೇಳಿಸಿತು. ಎಂಜಿನ್ನಿನ ಆರ್ಭಟ ದೂರದಲ್ಲಿ ಏರಿತು, ತಗ್ಗಿತು, ಬರೀ ಗುರುಗುಟ್ಟುವಿಕೆಯಾಯಿತು. ಕಾರು ಹತ್ತಿರ ಬಂದು ನಿಂತಿತು.

“ಈಗ ಹೇಳು,” ಎಂದರು ಸರ್.

“ರೆಕ್ಕೆ ಎದ್ದು ನಿಂತಾಗಿನ ಲೋಡ್ ಲೆಕ್ಕ ಫೈಲಲ್ಲಿ ಇಲ್ಲ ಸರ್. ಇನ್ನೂರ್ ಮೂವತ್ತಕ್ಕೇ ಮುರಿಯತ್ತೆ.”

ಹೆಲ್ಮೆಟ್ ತೆಗೆದ ಲಿಯೋನ್ “ವಾಟ್ಸ್ ಶೀ ಸೇಯಿಂಗ್, ಅಂಕಲ್?” ಎಂದು ಕೇಳಿದ. ಬರೀ ಮಾತಿನ ಧಾಟಿಯಿಂದಲೇ ಅವನಿಗೆ ಅರ್ಧ ಗೊತ್ತಾಗಿರಬೇಕು. ಮೆಕ್ಯಾನಿಕ್ ಒಬ್ಬ ಟಾರ್ಚ್ ಹಿಡಿದು ನೋಡಿದ. ಎಡಗಡೆಯ ಬ್ರಾಕೆಟ್ಟಿನ ಬುಡದಲ್ಲಿ ಕೂದಲಿನಷ್ಟು ತೆಳ್ಳಗಿನ ಬಿರುಕು ಇತ್ತಂತೆ. ಬೆಳಿಗ್ಗೆಯ ಕಡಿಮೆ ವೇಗದ ಸುತ್ತುಗಳಲ್ಲಿ ಮತ್ತೆ ಮತ್ತೆ ಬ್ರೇಕ್ ಒತ್ತಿದ್ದಕ್ಕೇ ಬಿದ್ದದ್ದು. ಲಿಯೋನ್ ಅದನ್ನು ಬೆರಳಿನಿಂದ ಮುಟ್ಟಿ ನೋಡಿ, ಹೋಗಿ ಹುಲ್ಲಿನ ಮೇಲೆ ಕೂತುಬಿಟ್ಟ ಎಂದು ಆಂಟಿ ಆಮೇಲೆ ಹೇಳಿದರು.

“ಮೂರ್ ವಾರದ ಹಿಂದೆ ನೋಡ್ದಾಗ ಇದು ಕಾಣಿಸ್ಲಿಲ್ವಾ?” ಎಂದರು ಸರ್.

ಇಲ್ಲಿ ಇನ್ನೊಂದು ಸುಳ್ಳಿಗೆ ಜಾಗವಿತ್ತು. ಕಣ್ತಪ್ಪಿತು ಎಂದರೆ ಮುಗಿಯುತ್ತಿತ್ತು. ಅವರೂ ನಂಬುತ್ತಿದ್ದರು.

“ನೋಡೇ ಇರ್ಲಿಲ್ಲ ಸರ್. ಒಂದು ಪುಟಾನೂ ಓದಿರ್ಲಿಲ್ಲ. ನಿಮ್ ಲೆಕ್ಕ ಅಂತ ಸುಮ್ನೆ ಸಹಿ ಹಾಕ್ದೆ.”

“ಅಯ್ಯೋ,” ಎಂದದ್ದು ಆಂಟಿ.

ಸರ್ ಸ್ಪೀಕರ್ ಆಫ್ ಮಾಡಿದರು, ದನಿ ಹತ್ತಿರವಾಯಿತು.

“ಎರಡು ವರ್ಷದಿಂದ ನನಗೆ ಮರೆವು ಕಣಮ್ಮ. ಅಂಕಿ ಜಾರತ್ತೆ. ನಿನ್ ಆಂಟಿಗೂ ಹೇಳಿಲ್ಲ. ಇಂಟರ್‌ವ್ಯೂನಲ್ಲಿ ನಾನು ಕೇಳಿದ ಪ್ರಶ್ನೇನೇ ತಪ್ಪು ಅಂತ ನನ್ ಹತ್ರ ಜಗಳ ಆಡ್ದವಳು ನೀನೊಬ್ಳೇ. ಅದಕ್ಕೇ ನೀನೇ ಬೇಕು ಅಂತ ಹಟ ಮಾಡಿ ತಗೊಂಡೆ. ಇವಳು ಹಿಡೀತಾಳೆ ಅನ್ನೋ ಧೈರ್ಯದ ಮೇಲೇ ನಾನು ಇನ್ನೂ ಸಹಿ ಹಾಕ್ತಿದ್ದಿದ್ದು.”

ನನಗೆ ಅಳು ಬಂತು. ಮರ್ಯಾದೆ ಕೊಡುತ್ತಿದ್ದೇನೆ ಎಂದುಕೊಂಡು ನಾನು ಆ ಮನುಷ್ಯನನ್ನು ಒಂಟಿಯಾಗಿ ಬಿಟ್ಟಿದ್ದೆ. ಮೂರು ವಾರ ಅವರು ನನ್ನನ್ನು ನಂಬಿ ನೆಮ್ಮದಿಯಾಗಿ ಮಲಗಿದ್ದರು, ನಾನು ಅವರನ್ನು ನಂಬಿ.

“ಅಳ್ಬೇಡ. ಮಾಲೀಕರಿಗೆ ನಾನು ನನ್ನದು ಹೇಳ್ತೀನಿ, ನೀನು ನಿನ್ನದು ಹೇಳು. ಏನಾಗತ್ತೋ ಆಗ್ಲಿ. ಈಗ ಆ ಫೈಲ್ ತಗೋ. ಮೊದಲನೇ ಪುಟದಿಂದ ಜೋರಾಗಿ ಓದು, ನಾನು ಬರ್ಕೋತೀನಿ. ಅನುಮಾನ ಬಂದ ಕಡೆ ನಿಲ್ಸು.”

ಮೂಗು ಒರೆಸಿಕೊಂಡು ಓದತೊಡಗಿದೆ. ಮೊದಲ ಆರು ಪುಟ ಸರಿಯಿತ್ತು. ಏಳನೆಯದರಲ್ಲಿ ಬೋಲ್ಟು ಎಂಟು ಮಿಲಿಮೀಟರಿನದು ಎಂದಿತ್ತು. ಡ್ರಾಯಿಂಗ್ ತೆಗೆದು ನೋಡಿದೆ, ಅಲ್ಲಿ ಆರು. ಎರಡನ್ನೂ ಪಕ್ಕಪಕ್ಕ ಇಟ್ಟು ಇನ್ನೊಮ್ಮೆ ನೋಡಿದೆ.

“ಯಾಕೆ ನಿಲ್ಸಿದೆ?” ಎಂದರು.

“ಇಲ್ಲೂ ತಪ್ಪಿದೆ ಸರ್.”

ಹೇಳಿದೆ. ಪೆನ್ನು ಕಾಗದದ ಮೇಲೆ ಓಡುವ ಸದ್ದು ಕೇಳಿಸಿತು, ನಡುವೆ ನಿಂತಿತು, ಮತ್ತೆ ಓಡಿತು.

“ಹ್ಞೂಂ. ಮುಂದೆ ಓದು,” ಎಂದರು. ಇನ್ನು ಹದಿನಾರು ಪುಟಗಳಿದ್ದವು. ನಾನು ಓದಿದೆ.