ಭುಜದ ಪಕ್ಕದ ಬಿಳಿ ಗೆರೆ

ಜೀವನವಿಡೀ ಬಸ್ಸು ಓಡಿಸಿದವನು ಮೊದಲ ಸಲ ವಿಮಾನ ಹತ್ತಿದರೆ ಅವನನ್ನು ಕಾಡುವುದು ಎತ್ತರವಲ್ಲ, ಕೈಗೆ ಕೆಲಸವಿಲ್ಲದಿರುವುದು. ನಮ್ಮ ಡ್ರೈವರಣ್ಣನಿಗೆ ಆ ಚಿಂತೆಗೂ ಬಿಡುವಿರಲಿಲ್ಲ. ಅವನು ಹೊರಟ ದೇಶದಲ್ಲಿ ವಾಹನಗಳು ರಸ್ತೆಯ ಬಲಬದಿ ಹಿಡಿಯುತ್ತವೆ. ಸ್ಟಿಯರಿಂಗ್ ಎಡಕ್ಕೆ, ಗೇರು ಬಲಗೈಗೆ. ಇಳಿದ ಮೇಲೆ ಬಸ್ ಕಂಪನಿಯವರು ಓಡಿಸಿ ತೋರಿಸು ಎನ್ನುತ್ತಾರೆ. ಎಡವಿದರೆ ಕೆಲಸವಿಲ್ಲ, ವಾಪಸು ವಿಮಾನ. “ದೇವರ ಹೆಸರು ಆಮೇಲಾಯ್ತು, ಮೊದಲು ಬಲಗಡೆ ಬಲಗಡೆ ಅಂತ ಜಪ ಮಾಡಿ” ಎಂದು ಹೆಂಡತಿ ಹೇಳಿ ಕಳಿಸಿದ್ದಳು.

ಜಪ ನಡೆದೇ ಇತ್ತು. ಊಟದ ತಟ್ಟೆ ಹೋದ ಮೇಲೆ ಅವನು ಎಡಗೈಯಲ್ಲಿ ಇಲ್ಲದ ಸ್ಟಿಯರಿಂಗ್ ಹಿಡಿದು, ಬಲಗೈಯಲ್ಲಿ ಇಲ್ಲದ ಗೇರು ಬದಲಿಸತೊಡಗಿದ. ಮೂರನೆಯ ಗೇರು ಪಕ್ಕದ ಸೀಟಿನಾಕೆಯ ಮೊಣಕೈಗೆ ಬಿತ್ತು.

“ಎಲ್ಲಿಗಪ್ಪಾ ಸವಾರಿ?” ಎಂದರು ಆಕೆ. ನಿವೃತ್ತ ಡ್ರಿಲ್ ಟೀಚರು, ಮಗಳ ಮನೆಗೆ ಹೊರಟವರು. ವಿಮಾನದಲ್ಲೂ ಬೆನ್ನು ನೆಟ್ಟಗಿತ್ತು.

“ತಪ್ಪಾಯ್ತಮ್ಮಾ” ಎಂದು ಅವನು ಕಥೆಯೆಲ್ಲ ಹೇಳಿದ. ನಡುವೆ ವಿಮಾನ ಕುಲುಕಿತು. ಅವನ ಬಲಗಾಲು ತಾನಾಗಿ ನೆಲ ಒತ್ತಿತು.

“ಬ್ರೇಕು ಹಿಡೀತಾ?”

“ಗುಂಡಿ ಬಂತಲ್ಲಮ್ಮಾ, ಅಭ್ಯಾಸ.”

“ಸದ್ಯ, ಯಾರಾದ್ರೂ ಒಬ್ಬರು ರಸ್ತೆ ನೋಡ್ಕೋತಿದ್ದಾರಲ್ಲ.” ಆಕೆ ಅವನ ಕಡೆ ತಿರುಗಿದರು. “ನೋಡು, ಮಕ್ಕಳ ಎದುರು ನಿಂತು ‘ಎಡಗೈ ಮೇಲೆ’ ಅಂತ ಕೂಗಿ ನಾನು ಬಲಗೈ ಎತ್ತಬೇಕಿತ್ತು. ಮೊದಮೊದಲು ಎಡ ಬಲ ಅಂತ ಲೆಕ್ಕ ಹಾಕ್ದೆ, ಇಡೀ ಶಾಲೆ ಎಡವಟ್ಟಾಯ್ತು. ಆಮೇಲೆ ಆ ಎರಡು ಮಾತೇ ಬಿಟ್ಟೆ. ಕಿಟಕಿ ಕಡೆ ಕೈ, ಬಾಗಿಲ ಕಡೆ ಕೈ, ಅಷ್ಟೆ. ನಿನಗೆ ಕಿಟಕಿ ಯಾವುದು?”

ಅವನಿಗೆ ಅರ್ಥವಾಗಲಿಲ್ಲ.

“ಊರಲ್ಲಿ ಓಡಿಸುವಾಗ ರಸ್ತೆ ಮಧ್ಯದ ಬಿಳಿ ಗೆರೆ ನಿನಗೆ ಹತ್ತಿರಾನೋ, ದೂರಾನೋ?”

“ಹತ್ತಿರ. ನನ್ನ ಭುಜದ ಪಕ್ಕಕ್ಕೇ.”

“ಅಲ್ಲಿ?”

ಅವನು ಕಣ್ಣು ಮುಚ್ಚಿ ಆ ಕಾಣದ ದೇಶದ ಬಸ್ಸಿನಲ್ಲಿ ಕುಳಿತು ನೋಡಿದ. “ಅಲ್ಲೂ ಪಕ್ಕಕ್ಕೇ ಬರುತ್ತಮ್ಮಾ!”

“ಹಾಗಾದ್ರೆ ಬದಲಾಗಿದ್ದು ಏನು? ನಿನ್ನ ಹೆಂಡತಿ ಹೇಳಿದ ಜಪವನ್ನ ಇಲ್ಲೇ ಇಳಿಸು.” ಇಷ್ಟು ಹೇಳಿ ಆಕೆ ಕಂಬಳಿ ಎಳೆದುಕೊಂಡು, ಸಾವಧಾನ್ ಭಂಗಿಯಲ್ಲೇ ನಿದ್ದೆಹೋದರು.

ಬೆಳಿಗ್ಗೆ ಇಳಿದಾಗ ಕಂಪನಿಯಿಂದ ನಮ್ಮ ಭಾಷೆಯವನೇ ಒಬ್ಬ ಮೇಸ್ತ್ರಿ ಬಂದಿದ್ದ. ಡಿಪೋ ತಲುಪಿದ್ದೇ, ಖಾಲಿ ಬಸ್ಸೊಂದನ್ನು ತೋರಿಸಿದ.

“ಅಂಗಳದ ರಸ್ತೇಲಿ ಒಂದು ಸುತ್ತು ಹೊಡಿ.”

“ಮುಖ ತೊಳ್ಕೊಂಡು...”

“ಮುಖ ಯಾರು ನೋಡ್ತಾರೆ? ಕೈ ನೋಡೋದು.”

ಮೊದಲ ಗೇರಿಗೆ ಎಡಗೈ ಹೋಗಿ ಬಾಗಿಲಿಗೆ ಬಡಿಯಿತು. ಮೇಸ್ತ್ರಿ ಕೆಮ್ಮಿದ. ಡ್ರೈವರಣ್ಣ ಬಲಗೈ ಹುಡುಕಿ ಗೇರು ಹಾಕಿದ. ತಿರುವಿನಾಚೆ ಎದುರಿನಿಂದ ಇನ್ನೊಂದು ಬಸ್ಸು ನುಗ್ಗಿ ಬಂತು. ಇಷ್ಟು ವರ್ಷದ ಕೈಗಳು ಎಡಕ್ಕೆ ಎಳೆದವು. ಅವನು ಎಡವನ್ನೂ ನೆನೆಯಲಿಲ್ಲ, ಬಲವನ್ನೂ ನೆನೆಯಲಿಲ್ಲ. ಬಿಳಿ ಗೆರೆಯನ್ನು ಭುಜದ ಪಕ್ಕದಲ್ಲೇ ಹಿಡಿದಿಟ್ಟ. ಆ ಬಸ್ಸು ಸೌಮ್ಯವಾಗಿ ಪಕ್ಕದಲ್ಲಿ ಹಾದುಹೋಯಿತು. ಅದರ ಚಾಲಕ ಕೈ ಎತ್ತಿದ.

“ಯಾರು ಕಲಿಸಿದ್ರು?” ಎಂದ ಮೇಸ್ತ್ರಿ.

“ಡ್ರಿಲ್ ಟೀಚರು.”

ಮೇಸ್ತ್ರಿ ಅವನ ಮುಖವನ್ನೇ ನೋಡಿದ. “ಈಗ ಹೋಗಿ ಮುಖ ತೊಳ್ಕೋ. ನಾಳೆಯಿಂದ ಡ್ಯೂಟಿ.”