ಹೀಟರ್ ಜಾಗದಲ್ಲಿ ಕೂತ ಏಸಿ

ರೂಮ್ ಹೀಟರ್ ಕೂರಿಸಿ ರಿಪೇರಿ ಮಾಡುವ ನನ್ನ ಅಂಗಡಿಗೆ ಮೂವತ್ತು ವರ್ಷ. ಮೊದಲೆಲ್ಲ ಚಳಿಗಾಲದಲ್ಲಿ ಊಟಕ್ಕೂ ಪುರುಸೊತ್ತಿರುತ್ತಿರಲಿಲ್ಲ. ಈಗೀಗ ಚಳಿ ಬಂದಹಾಗೆ ಮಾಡಿ ಹೋಗಿಬಿಡುತ್ತದೆ. ಬೇಸಿಗೆಯೋ, ಬೇಡದ ನೆಂಟನ ಹಾಗೆ ಕೂತರೆ ಏಳುವುದೇ ಇಲ್ಲ. ಕಳೆದ ಚಳಿಗಾಲವಿಡೀ ಅಂಗಡಿಯಲ್ಲಿ ನೊಣ ಹೊಡೆಯುತ್ತಾ ಕೂತಿದ್ದೆ. ಮಗಳು ಏಸಿ ಕೆಲಸ ಕಲಿತು ಬಂದು, "ಅಪ್ಪ, ಇನ್ಮೇಲೆ ಜನಕ್ಕೆ ಬೇಕಾಗಿರೋದು ತಂಪು" ಅಂದಳು. "ನನಗೇ ಪಾಠ ಹೇಳ್ತೀಯಾ?" ಎಂದು ರೇಗಿದೆ. ಆದರೂ ಒಪ್ಪಿದೆ.

ನಮ್ಮ ಮೊದಲ ಗಿರಾಕಿ ಎದುರು ಕಟ್ಟಡದ ಕೊನೆಯ ಮಹಡಿಯ ಟೈಪಿಸ್ಟ್ ಅಮ್ಮ. ಹೋದ ಬೇಸಿಗೆಯಲ್ಲಿ ಸೆಕೆಗೆ ತಲೆಸುತ್ತಿ ಬಿದ್ದು ಆಸ್ಪತ್ರೆ ಸೇರಿದ್ದವರು. ಮಗಳು ಬೇರೆ ಕಡೆ ಹೋಗಿದ್ದ ದಿನ ನಾನೇ ಏಸಿ ಕೂರಿಸಿ ಬಂದೆ: ಕಿಟಕಿಯ ಕೆಳಗೆ, ನೆಲದಿಂದ ಒಂದು ಗೇಣು ಮೇಲೆ. ಮೂವತ್ತು ವರ್ಷ ಹೀಟರ್ ಕೂರಿಸಿದ ಕೈ, ತಾನಾಗಿ ಅಲ್ಲಿಗೇ ಹೋಯಿತು.

ಮೂರನೇ ದಿನ ಅವರ ಫೋನು. "ಏನ್ರೀ ಇದು? ಕಾಲಿಗೆ ಉಣ್ಣೆ ಸಾಕ್ಸು, ತಲೆಗೆ ಒದ್ದೆ ಟವೆಲು! ವಾಪಸ್ ತಗೊಂಡ್ಹೋಗಿ."

ಮೊದಲ ಗಿರಾಕಿಯೇ ಹೀಗೆಂದರೆ ಬೀದಿಯಲ್ಲಿ ಇನ್ಯಾರು ಕರೆಯುತ್ತಾರೆ? ಅಂಗಡಿಗೆ ಬೀಗವೇ ಗತಿ. ಮಗಳಿಗೆ ವಿಷಯ ಹೇಳಿ ಎದ್ದೆ. ಅವಳೂ ಚೀಲ ಹೆಗಲಿಗೇರಿಸಿ ಜೊತೆಗೆ ಹೊರಟಳು.

ಅಲ್ಲಿ ಅವಳು ಥರ್ಮಾಮೀಟರನ್ನು ನೆಲದ ಹತ್ತಿರ ಹಿಡಿದಳು, ಆಮೇಲೆ ಕುರ್ಚಿ ಹತ್ತಿ ಮೇಲೆ ಹಿಡಿದಳು. ತಣ್ಣನೆ ಗಾಳಿ ಕೆಳಗೇ ಕೂರುತ್ತದೆ ಎಂದು ಚಿಕ್ಕಂದಿನಲ್ಲಿ ಅವಳಿಗೆ ಹೇಳಿಕೊಟ್ಟವನೇ ನಾನು. ಅವಳು ನನ್ನ ಕಡೆ ನೋಡಲೇ ಇಲ್ಲ.

"ತಪ್ಪು ನಂದು ಅಮ್ಮ. ನಾನೇ ಅಪ್ಪಂಗೆ ಆ ಜಾಗ ಹೇಳಿದ್ದು" ಅಂದಳು.

ನನ್ನ ಮಾನ ಉಳಿಸಲು ತನ್ನ ಮಾನ ಕೊಡುತ್ತಿದ್ದಾಳೆ! ತಡೆಯಲಾಗಲಿಲ್ಲ. "ಸುಳ್ಳು. ಇವಳು ಇಲ್ಲಿಗೆ ಬರ್ತಿರೋದೇ ಇವತ್ತು. ಕೆಡಿಸಿದೋನು ನಾನು, ಸರಿ ಮಾಡೋಳು ಇವಳು. ಸಂಜೆವರೆಗೆ ಟೈಮ್ ಕೊಡಿ" ಎಂದೆ.

ಸಂಜೆಯೊಳಗೆ ಏಸಿ ಗೋಡೆಯ ಮೇಲ್ಭಾಗಕ್ಕೆ ಏರಿತು. ಬಿಸಿಲು ಬೀಳುವ ಕಿಟಕಿಗೆ ಹೊರಗಡೆಯಿಂದ ಪರದೆಯನ್ನೂ ಬಿಗಿದಳು. "ಬಿಸಿಲು ಗಾಜಿನ ಆಚೆಗೇ ನಿಂತ್ರೆ ಏಸಿ ಅರ್ಧ ಹೊತ್ತು ಓಡಿದ್ರೂ ಸಾಕು." ನಾನು ಏಣಿ ಹಿಡಿದುಕೊಂಡಿದ್ದೆ.

ಟೈಪಿಸ್ಟ್ ಅಮ್ಮ ಕೋಣೆಯ ಮೂಲೆಮೂಲೆಗೂ ಹೋಗಿ ನಿಂತು ನೋಡಿದರು; ಎಲ್ಲ ಕಡೆಯೂ ಒಂದೇ ತಂಪು. "ಬೇಜಾರು ಮಾಡ್ಕೋಬೇಡಿ. ಇನ್ಮೇಲೆ ಮಗಳನ್ನೇ ಕಳಿಸಿ. ನೀವು ಬರೋದು ಬೇಡ" ಎಂದರು.

ಬೇರೆ ಯಾವತ್ತಾದರೂ ಈ ಮಾತು ಕೇಳಿದ್ದರೆ ಜಗಳವೇ ಆಗುತ್ತಿತ್ತು. ಅವತ್ತು ಮೆಟ್ಟಿಲಿಳಿಯುತ್ತಾ, ಎದುರು ಸಿಕ್ಕವರಿಗೆಲ್ಲ ಅದನ್ನೇ ಹೇಳಿಕೊಂಡು ಬಂದೆ.