ಐದನೆಯ ಚೌಕ

ಕಂಪ್ಯೂಟರಿನ ಪರದೆಯಲ್ಲಿ ಹೊದಿಕೆಯ ಚೌಕವನ್ನು ಬೆರಳಷ್ಟು ಎಡಕ್ಕೆ ಸರಿಸಿ, ಅದರ ಮಿಣುಕನ್ನು ತುಸು ನಿಧಾನ ಮಾಡಿ, ಎಂಜಿನಿಯರ್ ಕನ್ನಡಕವನ್ನು ತಲೆಗೇರಿಸಿದಳು. ಪರದೆಯ ಮೇಲೆ ನಾಲ್ಕು ಚೌಕಗಳು: ನೀರು, ಹೊದಿಕೆ, ಹಾಡು, ನೋವು. ಒಂದೊಂದರದು ಒಂದೊಂದು ವೇಗದ ಮಿಣುಕು. ಯಾವುದನ್ನು ದಿಟ್ಟಿಸುತ್ತಾರೋ ಅದರ ತಾಳಕ್ಕೆ ಮಿದುಳು ತಲೆದೂಗುತ್ತದೆ. ತಲೆಗೆ ತೊಡಿಸಿದ ತಂತಿಗಳ ಟೊಪ್ಪಿಗೆ ಅದನ್ನು ಹಿಡಿದು ಕಂಪ್ಯೂಟರಿಗೆ ಮುಟ್ಟಿಸುತ್ತದೆ. ಚೌಕಗಳನ್ನು ಬಿಡಿಬಿಡಿಯಾಗಿ ಕಟ್ಟಿದವಳು ಅವಳೇ. ಒಂದನ್ನು ತೆಗೆದರೂ ಇನ್ನೊಂದನ್ನು ಸೇರಿಸಿದರೂ ಉಳಿದವಕ್ಕೆ ಧಕ್ಕೆಯಿಲ್ಲ.

ಟೊಪ್ಪಿಗೆ ತೊಟ್ಟು ಕೂತಿದ್ದ ಹಿರಿಯ ಹೆಂಗಸು ನಲವತ್ತು ವರ್ಷ ಬಟ್ಟೆ ಹೊಲಿದವರು. ಪಾರ್ಶ್ವವಾಯು ಬಡಿದ ಮೇಲೆ ಕೈಯೂ ಇಲ್ಲ, ಮಾತೂ ಇಲ್ಲ. ಮೂರು ದಿನದಿಂದ ಒಂದೇ ಒಂದು ಉತ್ತರ ಬಂದಿರಲಿಲ್ಲ. ಇವತ್ತೂ ಬರದಿದ್ದರೆ, ಇವರಿಗೆ ಏನೂ ತಿಳಿಯುತ್ತಿಲ್ಲವೆಂದು ಬರೆದು ಡಾಕ್ಟರು ಕಡತ ಮುಚ್ಚುವವರಿದ್ದರು.

“ಅಮ್ಮಾ, ಹೊದಿಕೆ ಬೇಕಾ? ಅದನ್ನ ನೋಡಮ್ಮ,” ಎನ್ನುತ್ತಲೇ ಮಗಳು ಕುತ್ತಿಗೆಯವರೆಗೆ ಹೊದಿಸಿಬಿಟ್ಟಳು. “ಹಾಡು ಹಾಕ್ಲಾ?”

ಅಮ್ಮನ ದೃಷ್ಟಿ ಪರದೆಯ ಖಾಲಿ ಮೂಲೆಗೆ ಜಾರಿತು. ನಿನ್ನೆಯೂ ಅಲ್ಲಿಗೇ ಜಾರಿತ್ತು.

“ನೋಡಿ ಮೇಡಂ, ಇರೋದನ್ನ ಬಿಟ್ಟು ಇಲ್ಲದ್ದನ್ನ ನೋಡ್ತಾಳೆ.” ಮಗಳು ಎಂಜಿನಿಯರ್ ಕಡೆ ತಿರುಗಿದಳು.

ಎಂಜಿನಿಯರ್ ಆ ಖಾಲಿ ಮೂಲೆಯನ್ನೇ ನೋಡಿದಳು. ಮನೆಯಲ್ಲಿ ಅತ್ತಿಗೆ ಬಲವಂತ ಮಾಡಿ ಬಡಿಸುವಾಗ ತಾನೂ ಹೀಗೇ ಗೋಡೆಯ ಮೂಲೆ ನೋಡುವುದಿಲ್ಲವೇ? ಬೇಕಾದದ್ದಕ್ಕೆಲ್ಲ ಚೌಕ ಕಟ್ಟಿದವಳು ಬೇಡದ್ದಕ್ಕೆ ಜಾಗವನ್ನೇ ಇಟ್ಟಿರಲಿಲ್ಲ.

ಐದು ನಿಮಿಷದ ಕೆಲಸ. ಖಾಲಿ ಮೂಲೆಯಲ್ಲಿ ಐದನೆಯ ಚೌಕ ಮಿಣುಕತೊಡಗಿತು: ಬೇಡ.

“ಈಗ ಕೇಳಿ.”

“ಹೊದಿಕೆ ಬೇಕೇನಮ್ಮ?”

“ಬೇಡ,” ಎಂದಿತು ಯಂತ್ರದ ದನಿ.

ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. “ಹಾಡು?”

“ಬೇಡ.”

“ನಿಂಗಿಷ್ಟ ಅಂತ ದಿನಾ ಹಾಕ್ತಿದ್ನಲ್ಲೇ!”

“ಬೇಡ.”

“ನೀರು?”

“ನೀರು.”

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಡಾಕ್ಟರು ಕಡತವನ್ನು ಕಂಕುಳಲ್ಲಿಟ್ಟುಕೊಂಡು ನಕ್ಕರು. “ಪರವಾಗಿಲ್ಲ, ನಮಗಿಂತ ಖಡಕ್ಕಾಗಿದ್ದಾರೆ ನಿಮ್ಮಮ್ಮ.” ಮಗಳು ಅಳುತ್ತ ನಗುತ್ತ ಹೊದಿಕೆ ಕಿತ್ತು, ನೀರಿನ ಚಮಚ ಹಿಡಿದಳು. ಮೂರು ದಿನದಿಂದ ಬಿಗಿದಿದ್ದ ಕೋಣೆಯ ಉಸಿರು ಸಡಿಲಾಯಿತು.

“ಮೇಡಂ,” ಎಂದು ಮಗಳು ಹೊರಡುವಾಗ ಕಣ್ಣೊರೆಸಿಕೊಂಡು ತಮಾಷೆಗೆಂಬಂತೆ ಕೇಳಿದಳು, “ಮಾತ್ರೆ ಕೊಡೋ ಹೊತ್ತಿಗೆ ಆ ಚೌಕ ತೆಗೆದಿಡೋಕೆ ಬರುತ್ತಾ?”

“ನೋಡೋಣ,” ಎಂದು ಅವಳೂ ನಕ್ಕಳು.

ಪ್ರತಿ ಚೌಕದ ಪಕ್ಕದಲ್ಲೂ ‘ತೆಗೆಯಿರಿ’ ಎಂಬ ಪುಟ್ಟ ಗುಂಡಿಯಿತ್ತು. ಐದನೆಯದರ ಪಕ್ಕದಲ್ಲಿ ಅದು ಇರುವುದಿಲ್ಲವೆಂದು ಅವಳು ಆಗಲೇ ತೀರ್ಮಾನಿಸಿಯಾಗಿತ್ತು. ಯಾರಿಗೂ ಹೇಳದೆ, ಆ ಗುಂಡಿಯನ್ನು ಅಳಿಸಲು ಕನ್ನಡಕ ಕೆಳಗಿಳಿಸಿಕೊಂಡಳು.